ಏರುದಾರಿಯಲ್ಲಿ ಬರೆದ ಹೆಸರು

ಷಾಂಪೇನ್ ಎಂದೊಡನೆ ಕನ್ನಡ ನಾಡಿನ ಹೆಚ್ಚಿನವರ ಕಣ್ಣಿಗೆ ಕಟ್ಟುವುದು, ಕಪ್ ಗೆದ್ದ ಕ್ರಿಕೆಟ್ ಆಟಗಾರರು ಬಾಟಲಿ ಅಲ್ಲಾಡಿಸಿ ಒಬ್ಬರ ಮೇಲೊಬ್ಬರು ನೊರೆ ಚಿಮ್ಮಿಸಿಕೊಳ್ಳುವ ಚಿತ್ರ. ಅದು ಪಾನೀಯದ ಹೆಸರಾಗುವುದಕ್ಕೆ ಮುಂಚೆ ಒಂದು ಸೀಮೆಯ ಹೆಸರು ಎಂಬುದು ಆ ಗದ್ದಲದಲ್ಲಿ ಮರೆತುಹೋಗುತ್ತದೆ. ಫ್ರಾನ್ಸಿನಲ್ಲಿ, ಪ್ಯಾರಿಸ್ಸಿಗೆ ಪೂರ್ವದಲ್ಲಿ, ರೀಮ್ಸ್ ಮತ್ತು ಎಪೆರ್ನೆ ಎಂಬ ಎರಡು ಪಟ್ಟಣಗಳ ನಡುವೆ ಒಂದು ದೊಡ್ಡ ಗುಡ್ಡವಿದೆ. ನೆತ್ತಿಯ ಮೇಲೆ ಕಾಡು, ಪಾದದಲ್ಲಿ ಮಾರ್ನ್ ನದಿ, ನಡುವಿನ ಇಳಿಜಾರಿನಲ್ಲಿ ಬಾಚಣಿಗೆಯಿಂದ ಬಾಚಿಟ್ಟಂತೆ ದ್ರಾಕ್ಷಿಯ ಸಾಲುಗಳು. ಮೇಲ್ಮಣ್ಣನ್ನು ಕೆದಕಿದರೆ ಬೆಳ್ಳಗಿನ ಸೀಮೆಸುಣ್ಣ ಕಾಣಿಸುತ್ತದೆ. ನದಿಯ ಪಕ್ಕದ ಊರಿನ ಹೆಸರು ಆಯಿ. ಉತ್ತರ ಕರ್ನಾಟಕದವರ ಕಿವಿಗೆ ಯಾರೋ ಅಜ್ಜಿಯನ್ನು ಕೂಗಿದಂತೆ ಕೇಳಬೇಕು. ಅಲ್ಲಿಂದ ಗುಡ್ಡದ ಮೇಲಕ್ಕೆ ಹೋಗುವ ರಸ್ತೆಯ ತುದಿಯಲ್ಲಿರುವ ಪುಟ್ಟ ಹಳ್ಳಿ ಮ್ಯುತಿನ್ಯಿ. ರಸ್ತೆಯ ಕಡಿದಾದ ಭಾಗ ಒಂದು ಕಿಲೋಮೀಟರಿಗಿಂತ ತುಸು ಕಡಿಮೆ. ಆದರೆ ಪ್ರತಿ 100 ಮೀಟರಿಗೆ 12 ಮೀಟರ್ ಎತ್ತರ ಏರಬೇಕು. ಎತ್ತಿನ ಗಾಡಿಯಾಗಿದ್ದರೆ ಎತ್ತುಗಳೇ ಒಮ್ಮೆ ನಿಂತು ಯೋಚಿಸುವಂಥ ಏರು.

2022ರ ಜುಲೈ 26, ಮಂಗಳವಾರ. ಆ ಏರಿನ ಮಗ್ಗುಲಲ್ಲಿ, ದ್ರಾಕ್ಷಿ ಸಾಲಿನ ತುದಿಗೆ ಮಡಚುವ ಕುರ್ಚಿಯೊಂದನ್ನು ಹಾಕಿಕೊಂಡು 81 ವರ್ಷದ ಅಜ್ಜಿಯೊಬ್ಬಳು ಕುಳಿತಿದ್ದಳು. ತಲೆಗೆ ಹುಲ್ಲಿನ ಟೋಪಿ, ಮಡಿಲಲ್ಲಿ ನೀರಿನ ಬಾಟಲಿ, ಒಂದು ಬಟ್ಟೆಯಲ್ಲಿ ಸುತ್ತಿದ ಬ್ರೆಡ್ಡು. ಹನ್ನೊಂದು ವರ್ಷದ ಮೊಮ್ಮಗಳು ಅವಳ ಸುತ್ತ ನಿಂತಲ್ಲಿ ನಿಲ್ಲದೆ ಓಡಾಡುತ್ತಿದ್ದಳು. ಹೆಂಗಸರ ಸೈಕಲ್ ಪಂದ್ಯ ಆ ದಾರಿಯಲ್ಲಿ ಬರುವುದಿತ್ತು. ಬೆಳಿಗ್ಗೆ ರೀಮ್ಸ್‌ನಲ್ಲಿ ಜನ ಸೇರುವ ಹೊತ್ತಿಗೇ ಇಲ್ಲಿ ಇವರಿಬ್ಬರೂ ಜಾಗ ಹಿಡಿದಾಗಿತ್ತು. ರೀಮ್ಸ್‌ನಿಂದ ಎಪೆರ್ನೆಗೆ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಆದರೆ ಪಂದ್ಯದವರು ಗುಡ್ಡದಿಂದ ಗುಡ್ಡಕ್ಕೆ ಸುತ್ತು ಹಾಕಿಸಿ ಅದನ್ನು 133 ಕಿಲೋಮೀಟರ್ ಮಾಡಿದ್ದರು. ಹೆಣ್ಣು ಕೊಡುವವರ ಮನೆಗೆ ಊರೆಲ್ಲ ಸುತ್ತಿ ಹೋಗುವ ದಿಬ್ಬಣದ ಹಾಗೆ.

ಆ ಕುರ್ಚಿ ಅವಳ ಗಂಡನದು. ಮೂರು ವರ್ಷದ ಹಿಂದೆ, 2019ರ ಜುಲೈ 8ರಂದು, ಗಂಡಸರ ಟೂರ್ ಡಿ ಫ್ರಾನ್ಸ್ ಇದೇ ಏರನ್ನು ಹತ್ತಿತ್ತು. ಜೂಲಿಯಾನ್ ಅಲಾಫಿಲಿಪ್ ಇಲ್ಲಿಯೇ ಎಲ್ಲರಿಂದ ಬಿಡಿಸಿಕೊಂಡು ಒಂಟಿಯಾಗಿ ಎಪೆರ್ನೆ ತಲುಪಿ ಹಳದಿ ಅಂಗಿ ತೊಟ್ಟಿದ್ದ. ಆ ದಿನ ಮುದುಕ ಈ ಕುರ್ಚಿಯಿಂದ ಎದ್ದು ಹುಡುಗನಂತೆ ಕೂಗಿದ್ದ. ಅವಳು ಅದನ್ನು ನೋಡಲಿಲ್ಲ. ಗಂಡನ ಗೆಳೆಯರು ಎಂಟು ಮಂದಿ ಊಟಕ್ಕಿದ್ದರು, ಅವಳು ಅಡಿಗೆಮನೆಯಲ್ಲಿದ್ದಳು. ಹೆಲಿಕಾಪ್ಟರಿನ ಸದ್ದು ಹತ್ತಿರವಾಗಿ ದೂರವಾದದ್ದಷ್ಟೇ ಅವಳ ಪಾಲಿನ ಟೂರ್. ಮರುವರ್ಷ ಕೊಯ್ಲಿಗೆ ಮುಂಚೆ ಅವನು ತೀರಿಕೊಂಡ. ಅರವತ್ತು ವರ್ಷ ಈ ಬೀದಿಯಲ್ಲಿ ಬಾಳಿದವಳು, ಪಂದ್ಯ ನೋಡಲೆಂದೇ ಬಂದು ಕುಳಿತದ್ದು ಇದೇ ಮೊದಲು.

ಸೈಕಲ್ಲಿನ ಮೋಹ ಅವಳಿಗಿರಲಿಲ್ಲವೆಂದಲ್ಲ. ಹದಿನಾಲ್ಕರ ಪ್ರಾಯದಲ್ಲಿ ತಾಯಿಯ ಹಳೆಯ ಸೈಕಲ್ಲೊಂದು ಅವಳ ಕೈಗೆ ಬಂದಿತ್ತು. ಇಳಿಜಾರಿನಲ್ಲಿ ಆಯಿಯವರೆಗೆ ಪೆಡಲು ತುಳಿಯದೆ ಹೋಗಿ, ಬರುವಾಗ ತಳ್ಳಿಕೊಂಡು ಬರುತ್ತಿದ್ದಳು. ಒಮ್ಮೆಯಾದರೂ ಇಳಿಯದೆ ಏರನ್ನು ಹತ್ತಬೇಕೆಂಬ ಹಟ. ಮುಕ್ಕಾಲು ಪಾಲು ಹತ್ತಿದ್ದಳಂತೆ. ಆಯಿಯಲ್ಲಿ ಆಗ ಸೈಕಲ್ ಏರುವ ಇನ್ನೊಬ್ಬ ಹೆಂಗಸಿದ್ದರು: ಲಿಲಿ ಬೊಲ್ಲಿಂಜೆ. 1941ರಲ್ಲಿ ಗಂಡ ತೀರಿಕೊಂಡ ಮೇಲೆ, ಜರ್ಮನರು ಊರಲ್ಲಿದ್ದ, ಪೆಟ್ರೋಲು ಸಿಗದ ಕಾಲದಲ್ಲಿ, ಆ ಹೆಸರಾಂತ ಷಾಂಪೇನ್ ಮನೆತನದ ಯಜಮಾನಿಕೆ ವಹಿಸಿಕೊಂಡ ಆಕೆ ಸೈಕಲ್ಲಿನಲ್ಲೇ ತೋಟಗಳನ್ನು ಸುತ್ತುತ್ತಿದ್ದರು. 1971ರವರೆಗೂ ಮನೆತನದ ವ್ಯವಹಾರ ಅವರ ಕೈಯಲ್ಲಿತ್ತು. ಹುಡುಗಿ ಅವರ ಮಾತೆತ್ತಿದಾಗ ಅಪ್ಪ ಹೇಳಿದ್ದು ಒಂದೇ ಮಾತು: 'ಅವರು ತೋಟದ ಒಡತಿ, ಮೇಲಾಗಿ ವಿಧವೆ. ನೀನು ಯಾರು?'

ಅಪ್ಪನ ಮಾತಿನಲ್ಲಿ ಆ ಸೀಮೆಯ ಚರಿತ್ರೆಯೇ ಅಡಗಿತ್ತು. ಷಾಂಪೇನಿನ ಬಾಟಲಿಗಳ ಮೇಲೆ 'ವವ್' ಎಂಬ ಪದ ಮತ್ತೆ ಮತ್ತೆ ಕಾಣುತ್ತದೆ. ಅದರ ಅರ್ಥ ವಿಧವೆ. ಅವರಲ್ಲಿ ಜಗತ್ತಿಗೆಲ್ಲ ಗೊತ್ತಿರುವ ವಿಧವೆ ಕ್ಲಿಕೊ 1805ರಲ್ಲಿ ಗಂಡನನ್ನು ಕಳೆದುಕೊಂಡಾಗ ಆಕೆಗಿನ್ನೂ 27. ನೆಪೋಲಿಯನ್ನನ ಕಾನೂನಿನಂತೆ ಮುತ್ತೈದೆಗೆ ಸ್ವಂತ ವ್ಯವಹಾರವಿಲ್ಲ, ಸ್ವಂತ ಸಹಿಯಿಲ್ಲ. ವಿಧವೆಗೆ ಎರಡೂ ಇದ್ದವು. ಗಂಡನನ್ನು ಮಣ್ಣು ಮಾಡಿ ಬಂದ ದಿನವೇ ಹೆಣ್ಣಿನ ಹೆಸರಿಗೆ ಬೆಲೆ ಬರುವುದು ಎಂಥ ವಿಚಿತ್ರ!

ಅಜ್ಜಿಗೆ ಮದುವೆಯಾದದ್ದು 1962ರಲ್ಲಿ. ಸೈಕಲ್ಲು ಅಟ್ಟ ಸೇರಿತು. ಆಗಿನ್ನೂ ಫ್ರಾನ್ಸಿನಲ್ಲಿ ಹೆಂಡತಿ ಗಂಡನ ಒಪ್ಪಿಗೆಯಿಲ್ಲದೆ ಬ್ಯಾಂಕಿನಲ್ಲಿ ಖಾತೆ ತೆರೆಯುವಂತಿರಲಿಲ್ಲ. 1965ರ ಜುಲೈಯಲ್ಲಿ ಆ ಕಾನೂನು ಬದಲಾಯಿತು. ಬದಲಾದ ಸುದ್ದಿ ಪ್ಯಾರಿಸ್ಸಿನಿಂದ ಈ ಗುಡ್ಡದವರೆಗೆ ಒಂದೇ ದಿನದಲ್ಲಿ ಬಂತು. ಮನೆಯ ಅಡಿಗೆಕೋಣೆಯೊಳಗೆ ಬರಲು ಮಾತ್ರ ಹತ್ತು ವರ್ಷ ಹಿಡಿಯಿತು.

ಕೆಲಸಕ್ಕೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ದ್ರಾಕ್ಷಿ ತೋಟದಲ್ಲಿ ಕೆಲಸ ಮುಗಿಯಿತೆಂಬುದಿಲ್ಲ. ಅಲ್ಲಿ ಹೆಕ್ಟೇರಿಗೆ ಸುಮಾರು 8,000 ಬಳ್ಳಿ. ಚಳಿಗಾಲದಲ್ಲಿ ಒಂದೊಂದನ್ನೂ ಕತ್ತರಿಸಬೇಕು. ಚಿಗುರೊಡೆಯುವ ಮುನ್ನ ಉಳಿದ ಕಡ್ಡಿಗಳನ್ನು ಬಗ್ಗಿಸಿ ತಂತಿಗೆ ಕಟ್ಟಬೇಕು. ಈ ಕಟ್ಟುವ ಕೆಲಸ ಮೊದಲಿನಿಂದಲೂ ಹೆಂಗಸರದ್ದೆಂದೇ ರೂಢಿ. ಆಮೇಲೆ ಬೇಡದ ಚಿಗುರು ಚಿವುಟುವುದು, ಬೆಳೆದ ಕುಡಿಗಳನ್ನು ತಂತಿಗಳ ನಡುವೆ ಸೇರಿಸುವುದು, ತಲೆ ಸವರುವುದು, ಕೊನೆಗೆ ಕೊಯ್ಲು. ಷಾಂಪೇನ್ ಸೀಮೆಯಲ್ಲಿ ಯಂತ್ರದಿಂದ ಕೊಯ್ಯುವಂತಿಲ್ಲ. ಗೊಂಚಲು ಇಡಿಯಾಗಿ ಗಾಣಕ್ಕೆ ಹೋಗಬೇಕು. ಒಂದೂವರೆ ಹೆಕ್ಟೇರಿನ ಆ ತೋಟದ ಪ್ರತಿ ಬಳ್ಳಿಯ ಮುಂದೆಯೂ ಅವಳು ವರ್ಷಕ್ಕೆ ಹಲವು ಸಲ ಬಗ್ಗಿದ್ದಾಳೆ. ಕಾಗದದಲ್ಲಿ ಮಾತ್ರ ಅವಳಿಗೆ ಉದ್ಯೋಗವಿರಲಿಲ್ಲ. ಜನಗಣತಿಯವರು ಬಂದಾಗ ಗಂಡನ ಹೆಸರಿನ ಮುಂದೆ 'ದ್ರಾಕ್ಷಿ ಬೆಳೆಗಾರ' ಎಂದೂ ಅವಳ ಹೆಸರಿನ ಮುಂದೆ 'ಉದ್ಯೋಗವಿಲ್ಲ' ಎಂದೂ ಬರೆದುಕೊಂಡು ಹೋದರು. ಕೃಷಿಕರ ಹೆಂಡತಿಯರನ್ನು ದುಡಿಮೆಯ ಸಹಭಾಗಿಗಳೆಂದು ಗುರುತಿಸಿ ಅವರದೇ ಪಿಂಚಣಿಯ ಹಕ್ಕು ಕೊಟ್ಟ ಕಾನೂನು ಬಂದದ್ದು 1999ರಲ್ಲಿ. ಆಗ ಅವಳಿಗೆ 58, ಮೊಣಕಾಲು ಸವೆದಾಗಿತ್ತು.

ಈಗ ಅವಳೂ ಒಬ್ಬ ವಿಧವೆ, ಅವಳಿಗೂ ಸಹಿಯ ಅಧಿಕಾರ. ಆ ಅಧಿಕಾರವೇ ಮೂರು ವಾರದಿಂದ ಅವಳ ನಿದ್ದೆ ಕೆಡಿಸಿತ್ತು. ಅಡಿಗೆಮನೆಯ ಮೇಜಿನಲ್ಲಿ ಹಣ್ಣಿನ ಬಟ್ಟಲಿನ ಕೆಳಗೆ ನೋಟರಿ ಕಳಿಸಿದ ಕರಡುಪತ್ರವಿತ್ತು. ತೋಟವನ್ನು 18 ವರ್ಷಕ್ಕೆ ಗೇಣಿಗೆ ಕೊಡುವ ಪತ್ರ. ಎಲ್ಲ ಬರೆದಿದ್ದರು, ಗೇಣಿದಾರರ ಹೆಸರಿನ ಜಾಗ ಮಾತ್ರ ಖಾಲಿ.

ಮಗ ರೀಮ್ಸ್‌ನಲ್ಲಿ ನೌಕರಿಯಲ್ಲಿದ್ದಾನೆ. ಒಳ್ಳೆಯವನೇ. ಪಕ್ಕದ ದೊಡ್ಡ ಬೆಳೆಗಾರನಿಗೆ ಕೊಟ್ಟುಬಿಡೋಣ, ಅಮ್ಮನಿಗೂ ನೆಮ್ಮದಿ, ಗೇಣಿಯೂ ತಪ್ಪದೆ ಬರುತ್ತದೆ ಎಂಬುದು ಅವನ ಲೆಕ್ಕ. ಆ ಸೀಮೆಯಲ್ಲಿ ತೋಟದ ಬೆಲೆ ಹೆಕ್ಟೇರಿಗೆ ಸರಾಸರಿ 10 ಲಕ್ಷ ಯೂರೊ ಆಸುಪಾಸು. ಅಲ್ಲಿ ಭಾವನೆಗಿಂತ ಲೆಕ್ಕ ಮುಂದಾದರೆ ಯಾರನ್ನೂ ದೂರುವಂತಿಲ್ಲ. ಮಗಳು ಊರಲ್ಲೇ ಇದ್ದು ಇಪ್ಪತ್ತು ವರ್ಷದಿಂದ ಆ ಸಾಲುಗಳಲ್ಲಿ ದುಡಿಯುತ್ತಿದ್ದಾಳೆ. ಅವಳು ತನಗೆ ಬೇಕೆಂದು ಬಾಯಿಬಿಟ್ಟು ಕೇಳಿಲ್ಲ. ಕೇಳದೆ ಇರುವುದನ್ನು ಅವಳು ಕಲಿತದ್ದು ಯಾರಿಂದ ಎಂಬುದು ಅಜ್ಜಿಗೆ ಗೊತ್ತು. 'ತೋಟ ಗಂಡುಮಗನ ಕೈಯಲ್ಲಿರಲಿ' ಎಂದು ಮುದುಕ ಹೇಳುತ್ತಿದ್ದ. ಸತ್ತವರ ಮಾತು ಬದುಕಿರುವವರ ಮಾತಿಗಿಂತ ಭಾರ.

'ಅಜ್ಜಿ, ಸೀಮೆಸುಣ್ಣ ಬೇಕು' ಎಂದಳು ಮೊಮ್ಮಗಳು. ಪಂದ್ಯದವರ ಹೆಸರನ್ನು ರಸ್ತೆಯ ಮೇಲೆ ಬರೆಯುವುದು ಅಲ್ಲಿನ ಪದ್ಧತಿ. ಅಂಗಡಿಗೆ ಹೋಗಬೇಕಾಗಿರಲಿಲ್ಲ. ಅಜ್ಜಿ ಕೋಲಿನಿಂದ ಸಾಲಿನ ಬುಡವನ್ನು ತೋರಿಸಿದಳು. ಹುಡುಗಿ ಮುಷ್ಟಿಗಾತ್ರದ ಬಿಳಿ ಉಂಡೆಯೊಂದನ್ನು ಹೆಕ್ಕಿಕೊಂಡು ಡಾಂಬರಿನ ಮೇಲೆ ಮಂಡಿಯೂರಿ ಬರೆಯತೊಡಗಿದಳು. ಅವಳಿಗೆ ಎಲ್ಲರ ಹೆಸರೂ ಗೊತ್ತು. ಶಾಲೆಯ ಪಾಠಕ್ಕಿಂತ ಚೆನ್ನಾಗಿ ಗೊತ್ತು. ಹಿಂದಿನ ದಿನ ಗೆದ್ದು ಹಳದಿ ಅಂಗಿ ತೊಟ್ಟ ನೆದರ್ಲೆಂಡ್ಸಿನ ಮರಿಯಾನೆ ವೋಸ್. ಆಕೆಯ ದೇಶದವರೇ ಆದ ಅನೆಮಿಕ್ ಫಾನ್ ಫ್ಲೂಟೆನ್. ಡೆನ್ಮಾರ್ಕಿನ ಸೆಸಿಲಿಯೆ ಉಟ್ರುಪ್ ಲುಡ್ವಿಗ್. ಈ ಕೊನೆಯ ಹೆಸರಿಗೆ ರಸ್ತೆಯ ಅಗಲ ಸಾಲದೆ ಹೋಯಿತು.

'ಇವರೆಲ್ಲ ಇಷ್ಟು ದಿನ ಎಲ್ಲಿದ್ದರು?' ಎಂದು ಅಜ್ಜಿ ಕೇಳಿದಳು.

ಸರಿಯಾದ ಪ್ರಶ್ನೆಯೇ. ಗಂಡಸರ ಟೂರ್ ಆರಂಭವಾದದ್ದು 1903ರಲ್ಲಿ. ಹೆಂಗಸರಿಗೆಂದು 1955ರಲ್ಲಿ ಒಮ್ಮೆ ಐದು ಹಂತಗಳ ಪಂದ್ಯ ನಡೆಯಿತು, ಐಲ್ ಆಫ್ ಮ್ಯಾನ್ ದ್ವೀಪದ ಮಿಲ್ಲಿ ರಾಬಿನ್ಸನ್ ಗೆದ್ದರು, ಅಲ್ಲಿಗೆ ಮುಗಿಯಿತು. ಅಜ್ಜಿ ಏರಿನ ಮುಕ್ಕಾಲು ಪಾಲು ಹತ್ತಿದ್ದು ಹೆಚ್ಚುಕಡಿಮೆ ಅದೇ ವರ್ಷ. ಮತ್ತೆ 29 ವರ್ಷಗಳ ನಂತರ, 1984ರಲ್ಲಿ, ಗಂಡಸರು ಬರುವುದಕ್ಕೆ ಕೆಲವು ಗಂಟೆ ಮುಂಚೆ ಅದೇ ರಸ್ತೆಗಳಲ್ಲಿ 18 ಹಂತಗಳ ಮಹಿಳಾ ಟೂರ್ ನಡೆದು, ಅಮೆರಿಕದ ಮೇರಿಯಾನ್ ಮಾರ್ಟಿನ್ ಮೊದಲಿಗರಾದರು. ಫ್ರಾನ್ಸಿನವರೇ ಆದ ಜಾನಿ ಲೊಂಗೊ 1987ರಿಂದ ಸತತ ಮೂರು ಸಲ ಗೆದ್ದರು. 1989ರ ನಂತರ ಅದೂ ನಿಂತಿತು. ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಜನ ಎತ್ತಿ ನಿಲ್ಲಿಸಲು ನೋಡಿದ ಪಂದ್ಯ 2009ರ ಹೊತ್ತಿಗೆ ಬಡಕಲಾಗಿ ನಿಂತೇಹೋಯಿತು. 2014ರಿಂದ 'ಲಾ ಕೋರ್ಸ್' ಎಂಬ ಹೆಸರಲ್ಲಿ ಹೆಚ್ಚಾಗಿ ಒಂದು ದಿನದ ಓಟ. ಕೊನೆಗೆ 2022ರಲ್ಲಿ, ಜುಲೈ 24ರಿಂದ 31ರವರೆಗೆ ಎಂಟು ಹಂತಗಳ, ಸಾವಿರ ಕಿಲೋಮೀಟರಿಗೂ ಮಿಕ್ಕಿದ ಟೂರ್. ಮೊದಲ ದಿನ ಹೊರಟವರು 144 ಮಂದಿ. ಪಂದ್ಯದ ನಿರ್ದೇಶಕಿಯೂ ಹಿಂದೆ ಸೈಕಲ್ ತುಳಿದವರೇ, ಮರಿಯೋನ್ ರೂಸ್. ಒಟ್ಟು ಗೆದ್ದವಳಿಗೆ 50,000 ಯೂರೊ. ಗಂಡಸರಲ್ಲಿ ಗೆದ್ದವನಿಗೆ ಐದು ಲಕ್ಷ.

ಮೊಮ್ಮಗಳು ಈ ಕೊನೆಯ ಅಂಕಿಯನ್ನು ಹೇಳಿದಾಗ ಅಜ್ಜಿ ಆಶ್ಚರ್ಯಪಡಲಿಲ್ಲ. 'ಅಷ್ಟಾದರೂ ಕೊಡುತ್ತಾರಲ್ಲ' ಎಂದಳು. ಮರುಕ್ಷಣವೇ ತನ್ನ ಮಾತು ತನಗೇ ಹಿಡಿಸದೆ ಮುಖ ಸಿಂಡರಿಸಿದಳು. 'ಅಷ್ಟಾದರೂ' ಎಂಬ ಪದವನ್ನು ಅವಳು ಜೀವಮಾನದಲ್ಲಿ ಎಷ್ಟು ಸಲ ಆಡಿದ್ದಾಳೋ.

ಮಧ್ಯಾಹ್ನ ಜಾಹೀರಾತಿನ ಮೆರವಣಿಗೆ ಬಂತು. ಬಣ್ಣಬಣ್ಣದ ವಾಹನಗಳ ಮೇಲಿಂದ ಟೋಪಿ, ಬಿಸ್ಕತ್ತು, ಕೀಲಿಗೊಂಚಲುಗಳು ಜನರ ಮೇಲೆ ಬಿದ್ದವು. ತೇರಿನ ಮೇಲಿಂದ ಬಾಳೆಹಣ್ಣು ಬಿದ್ದರೆ ಹೇಗೋ ಹಾಗೆ ದೊಡ್ಡವರು ಚಿಕ್ಕವರೆನ್ನದೆ ಮುಗಿಬಿದ್ದು ಹಿಡಿದರು. ಆ ಗಲಾಟೆ ಕರಗಿ ಮತ್ತೆ ಮೌನ. ಬಿಸಿಲು ತೀಕ್ಷ್ಣವಾಗಿತ್ತು, ಆ ಬೇಸಿಗೆ ಮಳೆಯೇ ಸರಿಯಾಗಿ ಬಿದ್ದಿರಲಿಲ್ಲ. ಗೊಂಚಲುಗಳು ಇನ್ನೂ ಹಸಿರಾಗಿ, ಬಟಾಣಿಯಂತೆ ಗಟ್ಟಿಯಾಗಿದ್ದವು. ಅಲ್ಲೊಂದು ಇಲ್ಲೊಂದು ಕಾಳು ಬಣ್ಣ ತಿರುಗುವ ಹವಣಿಕೆಯಲ್ಲಿತ್ತು.

ರಸ್ತೆಯಲ್ಲಿ ಇನ್ನೊಂದು ಹೆಸರಿಗೆ ಜಾಗವಿತ್ತು. 'ಯಾರದ್ದು ಬರೆಯಲಿ, ಅಜ್ಜಿ?'

ಅಜ್ಜಿ ಕೆಳಗಿನ ಸಾಲುಗಳತ್ತ ನೋಡಿದಳು. ಅಲ್ಲಿ, ಎಲೆಗಳ ಮೇಲೆ, ಒಂದು ಟೋಪಿ ಮಾತ್ರ ಮೆಲ್ಲಗೆ ಚಲಿಸುತ್ತಿತ್ತು. ಊರಿಗೆ ಊರೇ ರಸ್ತೆಯಲ್ಲಿದ್ದಾಗ ಮಗಳು ತಲೆ ಸವರುವ ಕೆಲಸ ಹಿಡಿದಿದ್ದಳು.

'ನಿನ್ನ ಅಮ್ಮನದು ಬರಿ.'

'ಅಮ್ಮ ಪಂದ್ಯದಲ್ಲಿಲ್ಲವಲ್ಲ!'

'ಏರಿನಲ್ಲಿದ್ದಾಳಲ್ಲ. ಬರಿ.'

ಹುಡುಗಿ ನಗುತ್ತ ದೊಡ್ಡ ಅಕ್ಷರಗಳಲ್ಲಿ ಬರೆದಳು.

ಮೊದಲು ಕೇಳಿಸಿದ್ದು ಹೆಲಿಕಾಪ್ಟರ್. ಆಮೇಲೆ ಪೊಲೀಸರ ಮೋಟಾರ್ ಸೈಕಲ್ಲುಗಳು, ಹಾರ್ನು, ಕೆಳಗಿನ ತಿರುವಿನಿಂದ ಮೇಲಕ್ಕೆ ಹತ್ತಿಬರುವ ಜನರ ಕೂಗು. ಕೂಗಿನ ಹಿಂದೆಯೇ ಅವರು. ಬಯಲಿನಲ್ಲಾದರೆ ಸೈಕಲ್ ಪಂದ್ಯ ನೋಡುವುದೆಂದರೆ ಗಾಳಿ ಬೀಸಿದಂತೆ. ಬಣ್ಣಗಳ ಒಂದು ರಾಶಿ ಬರ್‍ರೆಂದು ಹೋದರೆ ಮುಗಿಯಿತು. ಏರಿನಲ್ಲಿ ಹಾಗಲ್ಲ. ಏರು ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ಬಿಡಿಸಿ ತೋರಿಸುತ್ತದೆ. ತೆರೆದ ಬಾಯಿ, ಕತ್ತಿನ ನರ, ಗಲ್ಲದಿಂದ ತೊಟ್ಟಿಕ್ಕುವ ಬೆವರು, ಕೆಲವರ ಮೊಣಕೈ ಮೇಲೆ ಹಿಂದಿನ ದಿನ ಬಿದ್ದ ಗಾಯಕ್ಕೆ ಕಟ್ಟಿದ ಬಟ್ಟೆ. ಎಲ್ಲಕ್ಕಿಂತ ಹೆಚ್ಚಾಗಿ ಅವರ ಉಸಿರು. ಅಷ್ಟು ಹೆಂಗಸರು ಒಟ್ಟಿಗೆ ಏದುಸಿರು ಬಿಡುವ ಸದ್ದನ್ನು ಅಜ್ಜಿ ಕೇಳಿದ್ದು ಕೊಯ್ಲಿನ ಸಂಜೆಗಳಲ್ಲಿ ಮಾತ್ರ. ಹಳದಿ ಅಂಗಿ ಕಣ್ಣಿಗೆ ಬಿತ್ತು, ಹೋಯಿತು. ಅವರ ಗಾಲಿಗಳು ಒಂದೊಂದಾಗಿ ರಸ್ತೆಯ ಮೇಲಿನ ಆ ಹೆಸರುಗಳನ್ನೆಲ್ಲ ದಾಟಿದವು. ಮುಂದಿನವರ ಹಿಂದೆ ಇನ್ನೊಂದು ಗುಂಪು, ಅದರ ಹಿಂದೆ ಇಬ್ಬರು, ಮತ್ತೆ ಒಬ್ಬಳು.

ಜನ ಚದುರತೊಡಗಿದರು. ಟಿ.ವಿ.ಯಲ್ಲಿ ಕೊನೆ ನೋಡಬೇಕೆಂದು ಮನೆಗಳತ್ತ ಓಡಿದರು. ಅಜ್ಜಿ ಏಳಲಿಲ್ಲ. ಕೆಲ ನಿಮಿಷಗಳ ಮೇಲೆ ಇನ್ನೂ ಒಬ್ಬಳು ಬಂದಳು. ಅವಳ ಹಿಂದೆ, ಬಿಟ್ಟುಕೊಟ್ಟವರನ್ನು ಹತ್ತಿಸಿಕೊಳ್ಳುವ ವಾಹನ. ಫ್ರಾನ್ಸಿನಲ್ಲಿ ಅದನ್ನು 'ಕಸಬರಿಗೆ ಗಾಡಿ' ಎನ್ನುತ್ತಾರೆ. ಹಿಂದುಳಿದವರನ್ನು ಗುಡಿಸಿಕೊಂಡು ಬರುವುದೇ ಅದರ ಕೆಲಸ. ಹುಡುಗಿಯ ವಯಸ್ಸು ಇಪ್ಪತ್ತು ಇಪ್ಪತ್ತೊಂದಿರಬಹುದು. ಗಾಡಿಯ ಬಾಗಿಲು ಅವಳ ಬೆನ್ನ ಹಿಂದೆಯೇ ಇತ್ತು. ಇಳಿದರೆ ನೆರಳು, ನೀರು, ಮೆತ್ತನೆಯ ಆಸನ. ಸೈಕಲ್ಲು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತಿತ್ತು. ಏರಿನ ಮುಕ್ಕಾಲು ಪಾಲು ಮುಗಿದಿತ್ತು. ಅಜ್ಜಿ ತಾನು ಆ ದಿನ ಕಾಲೂರಿದ ಜಾಗ ಅದೇ ಇರಬೇಕೆಂದುಕೊಂಡಳು. ಎದ್ದು ನಿಂತು, ಗಂಡನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು, ಊರವರು ಯಾರೂ ಕೇಳಿರದ ದನಿಯಲ್ಲಿ ಕೂಗಿದಳು: 'ಇಳಿಯಬೇಡ ಮಗಳೇ, ಇಳಿಯಬೇಡ!' ಹುಡುಗಿಗೆ ಭಾಷೆ ತಿಳಿಯಿತೋ ಇಲ್ಲವೋ. ತಲೆ ಎತ್ತದೆ, ಇಳಿಯದೆ, ತಿರುವಿನಲ್ಲಿ ಮರೆಯಾದಳು.

ಆ ದಿನ ಎಪೆರ್ನೆಯ ಕೊನೆಯ ಏರಿನಲ್ಲಿ ಎಲ್ಲರನ್ನೂ ಹಿಂದಿಕ್ಕಿದವರು ಸೆಸಿಲಿಯೆ ಲುಡ್ವಿಗ್. ಹಿಂದಿನ ದಿನ ಸಮಯ ಕಳೆದುಕೊಂಡಿದ್ದ ಆಕೆ ಗೆದ್ದು ಬಿಕ್ಕಿಬಿಕ್ಕಿ ಅತ್ತರು. ವೋಸ್ ಎರಡನೆಯವರಾದರು. ಆ ದಿನಗಳಲ್ಲಿ ಹೊಟ್ಟೆ ಕೆಟ್ಟು ಪಂದ್ಯ ಬಿಡುವ ಹಂತಕ್ಕೆ ಬಂದಿದ್ದ ಫಾನ್ ಫ್ಲೂಟೆನ್ ಐದು ದಿನಗಳ ಬಳಿಕ ಪಂದ್ಯವನ್ನೇ ಗೆದ್ದರು. ಇದೆಲ್ಲ ಪತ್ರಿಕೆಗಳಲ್ಲಿ ಬಂತು. ಮ್ಯುತಿನ್ಯಿಯ ಅಡಿಗೆಮನೆಯಲ್ಲಿ ನಡೆದದ್ದು ಬರಲಿಲ್ಲ.

ಸಂಜೆ ಮಗಳು ತೋಟದಿಂದ ಬಂದು ಕೈ ತೊಳೆಯುತ್ತಿದ್ದಳು. ಉಗುರಿನ ಸಂದಿಯ ಹಸಿರು ಸಾಬೂನಿಗೆ ಜಗ್ಗುತ್ತಿರಲಿಲ್ಲ. ರಸ್ತೆಯಲ್ಲಿ ತನ್ನ ಹೆಸರು ಕಂಡದ್ದರ ಬಗ್ಗೆ ಅವಳು ಏನೂ ಹೇಳಲಿಲ್ಲ. ಅದರ ಮೇಲೆ ಕಾಲಿಡದೆ ಬಳಸಿ ಬಂದದ್ದನ್ನು ಮೊಮ್ಮಗಳು ಕಿಟಕಿಯಿಂದ ನೋಡಿದ್ದಳು. 'ಇನ್ನು ಮೂರು ಸಾಲು ಉಳಿದಿದೆ ಅಮ್ಮಾ, ನಾಳೆ ಮುಗಿಸುತ್ತೇನೆ' ಎಂದಳಷ್ಟೆ.

ಅಜ್ಜಿ ಹಣ್ಣಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಕಾಗದದ ಮೇಲೆ ಬಟ್ಟಲಿನ ಗುಂಡನೆಯ ಗುರುತು ಮೂಡಿತ್ತು. ಮಗನಿಗೆ ನೋವಾಗುತ್ತದೆ, ಅದು ಅವಳಿಗೆ ಗೊತ್ತಿಲ್ಲದ್ದಲ್ಲ. ಆಸ್ತಿಯಲ್ಲಿ ಅವನ ಪಾಲು ಎಲ್ಲಿಯೂ ಹೋಗುವುದಿಲ್ಲ, ಆ ದೇಶದ ಕಾನೂನು ಮಕ್ಕಳಲ್ಲಿ ಭೇದ ಮಾಡುವುದಿಲ್ಲ, ಅವನಿಗೆ ಸಲ್ಲಬೇಕಾದ ಗೇಣಿಯೂ ಸಲ್ಲುತ್ತದೆ. ಆದರೂ ಅಪ್ಪನ ಮಾತನ್ನು ಅಮ್ಮ ಮೀರಿದಳು ಎಂಬ ನೋವು ಬೇರೆಯೇ. ಅವಳು ಫೋನೆತ್ತಿ, ಭಾನುವಾರ ಊಟಕ್ಕೆ ಬಾ, ಮಾತಾಡಬೇಕು ಎಂದು ಅವನಿಗೆ ಹೇಳಿದಳು. ಏನು ವಿಷಯವೆಂದು ಕೇಳಿದ್ದಕ್ಕೆ, 'ಎದುರಿಗೇ ಹೇಳುತ್ತೇನೆ' ಎಂದಳು. ಕದ್ದು ಸಹಿ ಹಾಕುವ ವಯಸ್ಸು ಅವಳದ್ದಲ್ಲ.

ಫೋನಿಟ್ಟು ಕನ್ನಡಕ ಹುಡುಕಿ ಹಾಕಿಕೊಂಡಳು. ಖಾಲಿ ಜಾಗದಲ್ಲಿ, ಪೆನ್ಸಿಲಿನಲ್ಲಿ, ಆಗ ರಸ್ತೆಯ ಮೇಲೆ ಬರೆಸಿದ ಹೆಸರನ್ನೇ ಒಂದೊಂದು ಅಕ್ಷರ ಬಿಡಿಸಿ ಬರೆದಳು. ಸೀಮೆಸುಣ್ಣದ ಹೆಸರು ಮೊದಲ ಮಳೆಗೆ ತೊಳೆದುಹೋಗುತ್ತದೆ. ಇದರ ಮೇಲೆ ಭಾನುವಾರದ ಮಾತು ಮುಗಿದ ಬಳಿಕ ಶಾಯಿ ಎಳೆದರಾಯಿತು.